ಮೆಲುದನಿಗೆ ಸಲ್ಲದ ಪಟ್ಟ

ಕಿವಿಯ ಹಿಂದೆ ಗುಲಾಬಿ ಮುಡಿದು, ಕೊರಳವರೆಗೂ ಸೆರಗು ಹೊದ್ದು ಕೂತ ದೂರದರ್ಶನದ ವಾರ್ತಾವಾಚಕಿ ಸಲ್ಮಾ ಸುಲ್ತಾನ್ ಅವರ ಹಳೆಯ ಚಿತ್ರವನ್ನು ಯಾರಾದರೂ ಆಗಾಗ ಕಳಿಸುತ್ತಲೇ ಇರುತ್ತಾರೆ. ಅದರ ಕೆಳಗಿನ ಮಾತು ಹೆಚ್ಚುಕಡಿಮೆ ಒಂದೇ: ವಾರ್ತೆ ಅಂದರೆ ಆಗಿನದು, ಈಗಿನದು ಬರೀ ಅರಚಾಟ. ಮದುವೆಮನೆಯ ಪಂಕ್ತಿಯಲ್ಲಿ, ಪಾರ್ಕಿನ ಬೆಂಚಿನ ಮೇಲೆ, ಪತ್ರಿಕೋದ್ಯಮದ ವಿಚಾರ ಸಂಕಿರಣಗಳ ಉದ್ಘಾಟನಾ ಭಾಷಣದಲ್ಲಿ ಇದೇ ಮಾತು ಕೇಳಿಸುತ್ತದೆ. ಎಲ್ಲರೂ ತಲೆದೂಗುತ್ತಾರೆ. ದೂರದರ್ಶನದ ಕಾಲ ಸುದ್ದಿಯ ಸುವರ್ಣಯುಗವೆಂಬುದು ಈಗ ಚರ್ಚೆಯೇ ಬೇಡದ ಸತ್ಯವಾಗಿಬಿಟ್ಟಿದೆ. ಇದು ಸತ್ಯವಲ್ಲ, ಮತ್ತು ಇದನ್ನು ನಂಬಿಕೊಂಡು ಕೂತರೆ ಇವತ್ತಿನ ಟಿ.ವಿ. ಸುದ್ದಿಯ ರೋಗಕ್ಕೆ ನಾವು ತಪ್ಪು ಮದ್ದು ಅರೆಯುತ್ತೇವೆ ಎಂಬುದು ನನ್ನ ವಾದ.

ಮೊದಲು ಸಲ್ಮಾ ಸುಲ್ತಾನ್ ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ನಮ್ಮ ದೇಶದ ಟಿ.ವಿ.ಯಲ್ಲಿ ದಿನನಿತ್ಯದ ವಾರ್ತೆ ಶುರುವಾದದ್ದು 1965ರಲ್ಲಿ, ದೆಹಲಿಯಿಂದ, ಐದು ನಿಮಿಷದ ಪ್ರಸಾರವಾಗಿ. ಓದಿದವರು ಪ್ರತಿಮಾ ಪುರಿ. ಎರಡು ವರ್ಷದ ಮೇಲೆ ಸಲ್ಮಾ ಬಂದರು. 1967ರಿಂದ 1997ರವರೆಗೆ ಮೂವತ್ತು ವರ್ಷ ಓದಿದರು. ಭೋಪಾಲದಲ್ಲಿ ಬೆಳೆದ ಅವರ ಉರ್ದು ಹದದ ಹಿಂದಿ, ವಾಕ್ಯದ ಮಧ್ಯೆ ಉಸಿರು ಎಲ್ಲಿ ನಿಲ್ಲಬೇಕೆಂಬ ತಿಳಿವು, ಎಂಥ ಸುದ್ದಿ ಬಂದರೂ ಹದ ತಪ್ಪದ ದನಿ, ಇವೆಲ್ಲ ದುಡಿದು ಗಳಿಸಿದ್ದು. ದೇಶದ ವಾರ್ತೆಯನ್ನು ಹೆಣ್ಣುಮಗಳೊಬ್ಬಳು ಓದುವುದು ಸಹಜವೆಂದು ಒಂದು ತಲೆಮಾರಿಗೆ ಅನ್ನಿಸಿದ್ದರಲ್ಲಿ ಅವರ ಪಾಲು ದೊಡ್ಡದು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರ ವೃತ್ತಿಜೀವನವನ್ನೇ ಪತ್ರಿಕೋದ್ಯಮದ ಅಳತೆಗೋಲು ಮಾಡಿಕೊಂಡು, ಅದರಿಂದ ಇವತ್ತಿನವರನ್ನು ಅಳೆಯಹೊರಟ ನಮ್ಮ ಮೇಲೆ ಇದೆ.

ಆ ಕೆಲಸ ಏನಾಗಿತ್ತೆಂದು ನೋಡಿ. ಸರ್ಕಾರದ ಇಲಾಖೆಯೊಂದರ ಅಡಿಯಲ್ಲಿದ್ದ ಸುದ್ದಿಮನೆಯಲ್ಲಿ ಅಧಿಕಾರಿಗಳು ವಾರ್ತೆ ಬರೆಯುತ್ತಿದ್ದರು, ತಿದ್ದುತ್ತಿದ್ದರು, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತುಮಾಡುತ್ತಿದ್ದರು. ಬೇಡವಾದ್ದು ಅಲ್ಲೇ ಉಳಿಯುತ್ತಿತ್ತು. ಉಳಿದದ್ದು ಕ್ಯಾಮೆರಾದ ಮುಂದೆ ಕೂತವರ ಕೈಗೆ ಬರುತ್ತಿತ್ತು. ಅವರು ಓದಬೇಕು, ಅಷ್ಟೆ. ಮಂತ್ರಿಯನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವಂತಿಲ್ಲ. ಕೈಗೆ ಬಂದ ವಾಕ್ಯ ಸುಳ್ಳೆನಿಸಿದರೆ ಓದದೆ ಬಿಡುವಂತಿಲ್ಲ. ಅವರನ್ನು ನಾವು ಕರೆಯುತ್ತಿದ್ದದ್ದೂ ವಾರ್ತಾವಾಚಕರು ಎಂದೇ. ಆಗ ಯಾರೂ ಅವರನ್ನು ಪತ್ರಕರ್ತರ ಸಾಲಿನಲ್ಲಿ ನಿಲ್ಲಿಸಿರಲಿಲ್ಲ. ಆ ಸಾಲಿಗೆ ಅವರನ್ನು ತಂದದ್ದು ನಮ್ಮ ಹಂಬಲ. ಇವತ್ತು ನಾವು ಹಾಡಿ ಹೊಗಳುವ ಆ ಶಾಂತಿ, ಎದುರು ಮಾತಾಡುವವರೇ ಇಲ್ಲದ ಕೋಣೆಯ ಶಾಂತಿ. ಪ್ರಶ್ನೆ ಕೇಳುವ ಹಕ್ಕಿಲ್ಲದವರು ದನಿ ಏರಿಸುವ ಸಂದರ್ಭವಾದರೂ ಎಲ್ಲಿಂದ ಬರಬೇಕು?

1984ರ ಅಕ್ಟೋಬರ್ 31ನ್ನು ತೆಗೆದುಕೊಳ್ಳಿ. ಸಲ್ಮಾ ಅವರ ವೃತ್ತಿಜೀವನದ ಮಾತು ಬಂದಾಗಲೆಲ್ಲ ಮೊದಲು ಹೇಳುವುದು ಆ ದಿನವನ್ನೇ. ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ದೂರದರ್ಶನದಲ್ಲಿ ದೇಶಕ್ಕೆ ಹೇಳಿದವರು ಅವರು. ಅದನ್ನು ಹೇಳುವಾಗ ಎಲ್ಲರೂ ಅವರ ಸಂಯಮವನ್ನು ನೆನೆಯುತ್ತಾರೆ. ಗಡಿಯಾರವನ್ನು ಯಾರೂ ನೆನೆಯುವುದಿಲ್ಲ. ಪ್ರಧಾನಿಗೆ ಗುಂಡು ಬಿದ್ದದ್ದು ಬೆಳಿಗ್ಗೆ 9 ಗಂಟೆ 20 ನಿಮಿಷದ ಸುಮಾರಿಗೆ, ಸಫ್ದರ್‌ಜಂಗ್ ರಸ್ತೆಯ ಮನೆಯ ಅಂಗಳದಲ್ಲಿ. ಏಮ್ಸ್ ಆಸ್ಪತ್ರೆಯ ಮುಂದೆ ಜನ ಸೇರಿದರು. ಲಂಡನ್ನಿನ ಬಿಬಿಸಿ ಸಾವಿನ ಸುದ್ದಿ ಹೇಳಿತು. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿಯವರೂ ತಾಯಿಗೆ ಏನಾಯಿತೆಂದು ತಿಳಿಯಲು ಟ್ರಾನ್ಸಿಸ್ಟರ್ ಹಿಡಿದು ಕೇಳಿದ್ದು ಬಿಬಿಸಿಯನ್ನೇ. ಸಲ್ಮಾ ಅವರ ಕೈಗೆ ಆ ವಾಕ್ಯ ಬಂದದ್ದು ಸಂಜೆ, ಗುಂಡು ಬಿದ್ದು ಹತ್ತು ಗಂಟೆ ಕಳೆದ ಮೇಲೆ.

ಆ ಮಧ್ಯಾಹ್ನ ನಮ್ಮೂರಿನ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಅಂಗಡಿಯವರು ಶಾರ್ಟ್‌ವೇವ್‌ನ ಮುಳ್ಳನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಿದ್ದರು. ಕರ್ರೋ ಎನ್ನುವ ಸದ್ದಿನ ನಡುವೆ ಇಂಗ್ಲಿಷಿನ ಒಂದೆರಡು ಮಾತು ಕೇಳಿಸಿದೊಡನೆ ಹೈಸ್ಕೂಲಿನ ಮೇಷ್ಟ್ರೊಬ್ಬರು ಅದನ್ನು ಕನ್ನಡಕ್ಕೆ ಮಾಡಿ ಹೇಳುತ್ತಿದ್ದರು. ಪಕ್ಕದ ಹೋಟೆಲಿನ ರೇಡಿಯೊದಲ್ಲಿ ಆಕಾಶವಾಣಿ ಹಾಕಿತ್ತು. ಅಲ್ಲಿ ಬರೀ ವಾದ್ಯಸಂಗೀತ. ತನ್ನ ದೇಶದ ಪ್ರಧಾನಿ ಬದುಕಿದ್ದಾರೋ ಇಲ್ಲವೋ ಎಂದು ತಿಳಿಯಲು ಒಂದು ಊರಿಗೆ ಊರೇ ಪರದೇಶದ ರೇಡಿಯೊಗೆ ಕಿವಿಕೊಟ್ಟು ನಿಂತಿತ್ತು. ಸುವರ್ಣಯುಗ ಎಂಬ ಮಾತು ಕೇಳಿದಾಗೆಲ್ಲ ನನಗೆ ಆ ಮೇಷ್ಟ್ರ ಮುಖ ಕಾಣುತ್ತದೆ.

ಸುದ್ದಿ ಹೇಳಲು ಮಾಡಿದ ಈ ತಡಕ್ಕೊಂದು ಸಮರ್ಥನೆ ಇದೆ, ಗಟ್ಟಿಯಾದದ್ದೇ. ಉತ್ತರಾಧಿಕಾರಿ ಗೊತ್ತಾಗುವ ಮುನ್ನ ಸುದ್ದಿ ಹೇಳಿದ್ದರೆ ದೇಶ ಹೊತ್ತಿ ಉರಿಯುತ್ತಿತ್ತು, ಹಾಗಾಗಿ ತಡಮಾಡಿದ್ದು ವಿವೇಕ ಎನ್ನುತ್ತಾರೆ. ನಡೆದದ್ದು ಏನು? ಸುದ್ದಿ ಮುಚ್ಚಿಟ್ಟಿದ್ದಾಗಲೇ ಏಮ್ಸ್ ಸುತ್ತಮುತ್ತ ಸಿಖ್ಖರ ಮೇಲೆ ಕೈ ಮಾಡುವುದು ಶುರುವಾಗಿತ್ತು. ಆಸ್ಪತ್ರೆಗೆ ಬರುತ್ತಿದ್ದ ರಾಷ್ಟ್ರಪತಿ ಜೈಲ್ ಸಿಂಗ್ ಅವರ ಕಾರುಗಳ ಸಾಲಿಗೇ ಕಲ್ಲು ಬಿದ್ದವು. ಗಾಳಿಮಾತನ್ನು ಮೌನ ಯಾವತ್ತೂ ಅಡ್ಡಗಟ್ಟಿಲ್ಲ. ಇನ್ನು ಮುಂದಿನ ದಿನಗಳಲ್ಲಿ ಅದೇ ದೂರದರ್ಶನ ತೀನ್‌ಮೂರ್ತಿ ಭವನದಲ್ಲಿ ಇಟ್ಟಿದ್ದ ಪಾರ್ಥಿವ ಶರೀರದ ದರ್ಶನವನ್ನು ಮನೆಮನೆಗೆ ತೋರಿಸಿತು. ಅಲ್ಲಿ ಗುಂಪು ಕೂಗುತ್ತಿದ್ದ ರಕ್ತಕ್ಕೆ ರಕ್ತ ಎಂಬ ಘೋಷಣೆಯೂ ಆ ಪ್ರಸಾರದಲ್ಲೇ ಮನೆಮನೆ ಸೇರಿತು. ಮಾನವ ಹಕ್ಕು ಸಂಘಟನೆಗಳು ಅದೇ ತಿಂಗಳು ಹೊರತಂದ ವರದಿಯಲ್ಲಿ ಇದು ದಾಖಲಾಗಿದೆ. ದೆಹಲಿಯೊಂದರಲ್ಲೇ 2,733 ಮಂದಿ ಸತ್ತರೆಂದು ಸರ್ಕಾರವೇ ಮುಂದೆ ಒಪ್ಪಿಕೊಂಡಿತು. ತ್ರಿಲೋಕಪುರಿಯ ಓಣಿಗಳಲ್ಲಿ ಹೆಣ ಬಿದ್ದಿರುವುದನ್ನು ಜಗತ್ತಿಗೆ ತಿಳಿಸಿದವರು ಅಲ್ಲಿಗೆ ನಡೆದುಹೋದ ಪತ್ರಿಕೆಗಳ ವರದಿಗಾರರು. ಆಗಿನ ಟಿ.ವಿ. ದ್ವೇಷ ಹರಡಲಿಲ್ಲ ಎನ್ನುವವರು ಆ ನಾಲ್ಕು ದಿನಗಳಿಗೆ ಲೆಕ್ಕ ಕೊಡಬೇಕು.

ತುರ್ತುಪರಿಸ್ಥಿತಿಯ ಕಾಲಕ್ಕೆ ಬಂದರಂತೂ ಸಂಕಟ ನಮ್ಮ ಮನೆಬಾಗಿಲಿಗೇ ಬರುತ್ತದೆ. 1975ರ ಜೂನ್ 26ರ ಬೆಳಿಗ್ಗೆ ರೇಡಿಯೊದಲ್ಲಿ ಬಂದದ್ದು ಪ್ರಧಾನಿಯವರದೇ ದನಿ. ಅದೇ ದಿನ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಇಲ್ಲೇ ಬಂಧಿತರಾದರು. ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಐ.ಕೆ. ಗುಜ್ರಾಲ್ ಅವರನ್ನು ಕೆಲವೇ ದಿನಗಳಲ್ಲಿ ಸರಿಸಿ ವಿ.ಸಿ. ಶುಕ್ಲಾ ಅವರನ್ನು ತಂದರು. ನಟಿ, ರಂಗಕರ್ಮಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಉಬ್ಬಸದಿಂದ ನರಳಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ಈ ಇಪ್ಪತ್ತೊಂದು ತಿಂಗಳೂ ಆಕಾಶವಾಣಿ, ದೂರದರ್ಶನಗಳ ವಾರ್ತೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ದನಿ ಮೃದುವಾಗಿತ್ತು, ಉಚ್ಚಾರ ಸ್ಪಷ್ಟವಾಗಿತ್ತು.

ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದದ್ದೂ ಈ ಹೊತ್ತಿನಲ್ಲೇ. ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮ ತಲುಪಿಸುವ ಸೈಟ್ ಪ್ರಯೋಗ 1975ರ ಆಗಸ್ಟ್ 1ಕ್ಕೆ ಶುರುವಾಗಿ ಒಂದು ವರ್ಷ ನಡೆಯಿತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ, ಅದರಲ್ಲಿ ಒಳ್ಳೆಯದು ಬಹಳವಿತ್ತು. ವಿಕ್ರಂ ಸಾರಾಭಾಯಿ ಕಂಡಿದ್ದ ಕನಸು ಅದು. ಆದರೆ ನಮ್ಮ ಆ ಹಳ್ಳಿಗಳ ಜನ ಈ ಪೆಟ್ಟಿಗೆಯನ್ನು ಮೊದಲು ಕಂಡ ವರ್ಷದಲ್ಲಿ ಅದಕ್ಕೆ ನಿಜ ಹೇಳುವ ಅನುಮತಿಯೇ ಇರಲಿಲ್ಲ. 1977ರ ಫೆಬ್ರವರಿಯಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ್ ನಾರಾಯಣ್, ಜಗಜೀವನ್ ರಾಂ ಸಭೆ ಇದ್ದ ಸಂಜೆ ಜನ ಮನೆಯಲ್ಲೇ ಉಳಿಯಲೆಂದು ದೂರದರ್ಶನ ‘ಬಾಬಿ’ ಸಿನಿಮಾ ಹಾಕಿತು. ಜನ ಸಭೆಗೇ ಹೋದರು.

ಕನ್ನಡಿಗರ ಈ ಹಳಹಳಿಕೆಯಲ್ಲಿ ಇನ್ನೊಂದು ವಿಚಿತ್ರವಿದೆ. ನಾವು ನೆನೆದು ಕೊಂಡಾಡುವ ಆ ರಾಷ್ಟ್ರೀಯ ವಾರ್ತೆ ಬರುತ್ತಿದ್ದದ್ದು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. 1982ರ ಆಗಸ್ಟ್ 15ಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, 1984ರಲ್ಲಿ ದಿನಕ್ಕೊಂದರಂತೆ ಪ್ರಸಾರ ಗೋಪುರ ಎದ್ದು, ನಮ್ಮ ತಾಲ್ಲೂಕು ಕೇಂದ್ರಗಳಿಗೂ ದೆಹಲಿ ತಲುಪಿತು. ಹಿಂದಿ ವಾರ್ತೆ ಶುರುವಾಯಿತೆಂದರೆ ನಮ್ಮ ಬೀದಿಯ ಮನೆಗಳಲ್ಲಿ ತಟ್ಟೆ ಹಾಕುತ್ತಿದ್ದರು. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ವಾರ್ತೆಯೂ ಮುಗಿಯಬೇಕು, ಧಾರಾವಾಹಿ ಬರಬೇಕು, ಅಷ್ಟೇ ಲೆಕ್ಕ. ನಮ್ಮಮ್ಮ ಸಲ್ಮಾ ಅವರ ಸೀರೆ ನೋಡುತ್ತಿದ್ದರು, ಗುಲಾಬಿ ನೋಡುತ್ತಿದ್ದರು, ‘ಎಷ್ಟು ಲಕ್ಷಣವಾಗಿ ಕೂತಿದ್ದಾಳೆ ನೋಡು’ ಎನ್ನುತ್ತಿದ್ದರು. ಆಕೆ ಏನು ಹೇಳಿದರೆಂದು ಅಮ್ಮನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಸುದ್ದಿ ಬೇಕೆಂದರೆ ಬೆಳಿಗ್ಗೆ ಆಕಾಶವಾಣಿಯ ಕನ್ನಡ ವಾರ್ತೆ, ಪ್ರದೇಶ ಸಮಾಚಾರ, ಆಮೇಲೆ ಪೇಪರು. ಅಂದಮೇಲೆ ಇವತ್ತು ನಮಗೆ ನೆನಪಾಗುತ್ತಿರುವುದು ಸುದ್ದಿಯಲ್ಲ. ಒಂದೇ ವಾಹಿನಿಯ ಮುಂದೆ ಮನೆಮಂದಿ, ಅಕ್ಕಪಕ್ಕದವರು ಒಟ್ಟಿಗೆ ಕೂತಿದ್ದ ಆ ಸಂಜೆಗಳು. ಆ ನೆನಪು ಪ್ರೀತಿಯದು, ನನಗೂ ಬೇಕಾದದ್ದು. ಅದನ್ನು ಪತ್ರಿಕೋದ್ಯಮದ ಗುಣಪ್ರಮಾಣಪತ್ರವಾಗಿ ತೋರಿಸುವುದು ಬೇಡ.

ಕಾಲವೇ ಹಾಗಿತ್ತು, ಅವರೇನು ಮಾಡಲಾಗುತ್ತಿತ್ತು ಎಂಬ ಮಾತನ್ನೂ ಕೇಳಿದ್ದೇನೆ. ಕಾಲ ಎಲ್ಲರಿಗೂ ಹಾಗಿರಲಿಲ್ಲ. ಸಲ್ಮಾ ಅವರು ಬೆಳೆದ ಭೋಪಾಲದಲ್ಲೇ ರಾಜ್‌ಕುಮಾರ್ ಕೇಸ್ವಾನಿ ಎಂಬ ಪತ್ರಕರ್ತ ‘ರಪಟ್’ ಎಂಬ ಪುಟ್ಟ ವಾರಪತ್ರಿಕೆ ನಡೆಸುತ್ತಿದ್ದರು. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಅನಿಲ ಸೋರಿ ಕಾರ್ಮಿಕರೊಬ್ಬರು ಸತ್ತಾಗ ಕೇಸ್ವಾನಿ ಅದರ ಬೆನ್ನುಹತ್ತಿದರು, ಕಂಪನಿಯ ಒಳವರದಿ ಹುಡುಕಿ ಓದಿದರು, 1982ರಲ್ಲೇ ಊರು ಜ್ವಾಲಾಮುಖಿಯ ಬಾಯಲ್ಲಿ ಕೂತಿದೆ ಎಂದು ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷ ಬಿಟ್ಟು ‘ಜನಸತ್ತಾ’ದಲ್ಲಿ ಮತ್ತೆ ಬರೆದರು. 1984ರ ಡಿಸೆಂಬರ್ 2ರ ರಾತ್ರಿ ಆ ಕಾರ್ಖಾನೆಯಿಂದ ವಿಷಾನಿಲ ಊರಿಗೆ ನುಗ್ಗಿತು. ಅದೇ ಕಾಲ, ಅದೇ ಸರ್ಕಾರ, ಅದೇ ಊರಿನ ಇಬ್ಬರು. ಒಬ್ಬರ ಮುಖ ದೇಶಕ್ಕೆಲ್ಲ ಗೊತ್ತು. ಇನ್ನೊಬ್ಬರು 2021ರಲ್ಲಿ ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಹೆಸರು ತಿಳಿದಿತ್ತು? ಹಳೆಯ ಕಾಲದ ಪತ್ರಿಕೋದ್ಯಮಕ್ಕೆ ಕೈಮುಗಿಯುವ ಮನಸ್ಸಿದ್ದರೆ ಕೈಮುಗಿಯಬೇಕಾದ ಚಿತ್ರ ಕೇಸ್ವಾನಿಯವರದು.

ದೂರದರ್ಶನದ ಒಳಗೂ ಬೇರೆ ದಾರಿ ಇತ್ತು. 1985ರಲ್ಲಿ ವಿನೋದ್ ದುವಾ ನಡೆಸಿಕೊಟ್ಟ ‘ಜನವಾಣಿ’ಯಲ್ಲಿ ಸಾಮಾನ್ಯ ಜನ ಮಂತ್ರಿಗಳನ್ನು ನೇರವಾಗಿ ಕೇಳಿದರು. ಅದು ಬಹುಕಾಲ ಉಳಿಯಲಿಲ್ಲ. ಬೋಫೋರ್ಸ್ ಹಗರಣದ ಮೊದಲ ಸದ್ದು ಬಂದದ್ದು 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊದಿಂದ, ದಾಖಲೆಗಳು ಬಂದದ್ದು ಮರುವರ್ಷ ‘ದಿ ಹಿಂದೂ’ ಪತ್ರಿಕೆಯಿಂದ. ಬಿಬಿಸಿಯೂ ಜನರ ಹಣದಿಂದ ನಡೆಯುವ ಸಂಸ್ಥೆಯೇ. ಅದರ ವರದಿಗಾರರಿಗೆ ಪ್ರಶ್ನಿಸುವ ಅಧಿಕಾರ ಕೊಟ್ಟದ್ದು ಅದರ ಸನ್ನದು. ನಮ್ಮಲ್ಲೂ ಅಂಥದ್ದನ್ನು ಕೇಳಿದವರಿದ್ದರು. 1966ರಲ್ಲಿ ಚಂದಾ ಸಮಿತಿ ಕೇಳಿತು. 1978ರಲ್ಲಿ ಬಿ.ಜಿ. ವರ್ಗೀಸ್ ಸಮಿತಿ ‘ಆಕಾಶ್ ಭಾರತಿ’ ಎಂಬ ಸ್ವತಂತ್ರ ಸಂಸ್ಥೆಯ ಪೂರ್ತಿ ನಕ್ಷೆಯನ್ನೇ ಬರೆದುಕೊಟ್ಟಿತು. ಪ್ರಸಾರ ಭಾರತಿ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಜಾರಿಗೆ ಬಂದದ್ದು 1997ರಲ್ಲಿ, ಸಲ್ಮಾ ಓದುವುದನ್ನು ನಿಲ್ಲಿಸಿದ ವರ್ಷ. ಅವರ ಮೂವತ್ತು ವರ್ಷವೂ ದೂರದರ್ಶನ ಮಂತ್ರಾಲಯದ ಅಡಿಯಲ್ಲೇ ಇತ್ತು. ಅಷ್ಟು ಪ್ರತಿಭೆಯ ಹೆಣ್ಣುಮಗಳ ಕೈಯಲ್ಲಿ ಪ್ರಶ್ನೆ ಕೇಳುವ ಕೆಲಸ ಕೊಡದೆ ಹೋದದ್ದು ನಮಗಾದ ನಷ್ಟ, ಅವರಿಗಾದ ಅನ್ಯಾಯ. ನಿವೃತ್ತಿಯ ಮೇಲೆ ಅವರು ತಮ್ಮದೇ ಸಂಸ್ಥೆ ಕಟ್ಟಿ ಧಾರಾವಾಹಿಗಳನ್ನು ಮಾಡಿದರು. ಅದರಲ್ಲಿ ‘ಜಲ್ತೇ ಸವಾಲ್’ ಹೆಣ್ಣುಮಕ್ಕಳ ಸಮಸ್ಯೆಗಳನ್ನು ಕುರಿತದ್ದು. ಗುಲಾಬಿಯ ಚಿತ್ರ ಕಳಿಸುವವರು ಆ ಕೆಲಸದ ಮಾತೆತ್ತಿದ್ದನ್ನು ನಾನು ಕಂಡಿಲ್ಲ.

ಇಷ್ಟು ಹೇಳಿದರೆ ಈಗಿನ ಅರಚಾಟವನ್ನು ಸಮರ್ಥಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಸಂಜೆಯ ಹೊತ್ತು ಕನ್ನಡದ ಸುದ್ದಿವಾಹಿನಿ ಹಾಕಿ ಹತ್ತು ನಿಮಿಷ ಕೂರುವುದು ನನಗೂ ಕಷ್ಟ. ಪರದೆಯಲ್ಲಿ ಆರು ಚೌಕ, ಆರರಲ್ಲೂ ಬಾಯಿ ತೆರೆದವರು. ಕೆಳಗೆ ಕೆಂಪು ಪಟ್ಟಿಯಲ್ಲಿ ಬ್ರೇಕಿಂಗ್ ನ್ಯೂಸ್. ಆದರೆ ಇದರ ತಪ್ಪು ಗದ್ದಲದಲ್ಲಿದೆ ಎಂದುಕೊಂಡರೆ ಮೂಲ ಕೈತಪ್ಪುತ್ತದೆ. ಕೋವಿಡ್ ಶುರುವಾದ 2020ರಲ್ಲಿ ತಬ್ಲೀಗ್ ಸಭೆಯ ನೆಪದಲ್ಲಿ ಒಂದು ಸಮುದಾಯವನ್ನೇ ರೋಗ ಹರಡುವವರೆಂದು ಚಿತ್ರಿಸಿದ ಕಾರ್ಯಕ್ರಮಗಳಿಗಾಗಿ ಎರಡು ಕನ್ನಡ ವಾಹಿನಿಗಳ ಮೇಲೆ ಮರುವರ್ಷ ದಂಡ ಬಿತ್ತು. ವಾಹಿನಿಗಳೇ ಸೇರಿ ಮಾಡಿಕೊಂಡ ಪ್ರಾಧಿಕಾರ ಅದನ್ನು ವಿಧಿಸಿತು. ದೂರು ಕೊಟ್ಟದ್ದು ಬೆಂಗಳೂರಿನ ನಾಗರಿಕರ ಗುಂಪು. ಅದೇ ಮಾತುಗಳನ್ನು ಕೊರಳವರೆಗೆ ಸೆರಗು ಹೊದ್ದು, ಸ್ಪಷ್ಟ ಉಚ್ಚಾರದಲ್ಲಿ, ಮೆಲ್ಲಗೆ ಓದಿದ್ದರೆ ವಿಷ ಕಡಿಮೆಯಾಗುತ್ತಿತ್ತೆ? ಹೆಚ್ಚೇ ಆಗುತ್ತಿತ್ತು. ಶಾಂತ ಮುಖ ಹೇಳಿದ ಸುಳ್ಳನ್ನು ಜನ ಬೇಗ ನಂಬುತ್ತಾರೆ.

ಅರಚುವ ಆಂಕರೂ ಓದುವ ವಾಚಕರೂ ಒಂದೇ ನಾಣ್ಯದ ಎರಡು ಮುಖ ಎನ್ನುವಷ್ಟು ಸರಳ ಮಾಡಲಾರೆ. ಆಗಿನವರಿಗೆ ಪ್ರಶ್ನೆ ಕೇಳುವ ಹಕ್ಕಿರಲಿಲ್ಲ. ಈಗಿನವರಿಗೆ ಹಕ್ಕಿದೆ, 1995ರಲ್ಲೇ ಸುಪ್ರೀಂ ಕೋರ್ಟ್ ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ ಎಂದಿದೆ. ಹಕ್ಕಿದ್ದೂ ಬಲಶಾಲಿಯ ಮುಂದೆ ಅದನ್ನು ಬಳಸದೆ, ಕೈಲಾಗದವರ ಮೇಲೆ ದನಿ ಏರಿಸುವುದು ಇವರ ದೋಷ, ಮತ್ತು ಅದು ದೊಡ್ಡ ದೋಷ. ಅದಕ್ಕೆ ಮದ್ದು ಪ್ರಶ್ನೆಯ ದಿಕ್ಕನ್ನು ತಿರುಗಿಸುವುದರಲ್ಲಿದೆ. ನಾವೋ, ದನಿ ತಗ್ಗಿಸಿ ಎಂದು ಬೇಡುತ್ತಿದ್ದೇವೆ. ನಾಳೆ ಯಾವುದಾದರೂ ವಾಹಿನಿ ನಮ್ಮ ಬೇಡಿಕೆಗೆ ಓಗೊಟ್ಟು, ಸುಸ್ವರದ, ಸುಸಂಸ್ಕೃತ ಮುಖವೊಂದನ್ನು ಕೂರಿಸಿ ಸರ್ಕಾರದ ಪ್ರಕಟಣೆಗಳನ್ನು ಓದಿಸಿದರೆ ನಾವು ಆಹಾ ಎನ್ನುತ್ತೇವೆ. ಆಳುವವರಿಗೆ, ಅವರು ಯಾವ ಪಕ್ಷದವರೇ ಇರಲಿ, ಇದಕ್ಕಿಂತ ಅನುಕೂಲ ಬೇರೊಂದಿಲ್ಲ.

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ಹಗಲು ಒಂದು ರಾತ್ರಿಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂಬುದು ಆಳುವವರ ಕಡೆಯಿಂದ ಮೊದಲು ಬಂದ ಲೆಕ್ಕ. ಸತ್ತವರ ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬೇರೆಯದನ್ನೇ ಹೇಳುತ್ತಿದ್ದರು; ಅವರ ಮುಂದೆ ಮೈಕು ಹಿಡಿದು ನಿಂತವರು, ಆ ಮಾತನ್ನು ಬರೆದುಕೊಂಡವರು ಜಿಲ್ಲೆಯ ವರದಿಗಾರರು. ಹೈಕೋರ್ಟ್ ನೇಮಿಸಿದ ಸಮಿತಿ ಆಮೇಲೆ ವಿಚಾರಿಸಿ, ಸಾವುಗಳಿಗೆ ಆಮ್ಲಜನಕದ ಕೊರತೆಯೇ ಕಾರಣವೆಂದಿತು. ನಾವು ಸುವರ್ಣಯುಗವೆಂದು ಕರೆಯುವ ವ್ಯವಸ್ಥೆಯಲ್ಲಿ ಆ ಸಂಜೆಯ ವಾರ್ತೆಗೆ ತಲುಪುತ್ತಿದ್ದ ಅಂಕಿ ಮೂರು. ಟಿ.ವಿ. ಮುಂದೆ ಕೂತು ಅರಚಾಟಕ್ಕೆ ಬೇಸತ್ತು ವಾಹಿನಿಗೆ ಪತ್ರ ಬರೆಯುವ ಮನಸ್ಸು ಬಂದಾಗ, ಆಂಕರ್ ಹೇಗೆ ಮಾತಾಡುತ್ತಾರೆಂದು ದೂರುವ ಬದಲು ಇಷ್ಟು ಕೇಳಿ: ನಮ್ಮ ಜಿಲ್ಲೆಯಲ್ಲಿ ನಿಮಗೆ ಎಷ್ಟು ಮಂದಿ ವರದಿಗಾರರಿದ್ದಾರೆ, ಅವರಿಗೆ ತಿಂಗಳು ತಿಂಗಳು ಸರಿಯಾಗಿ ಸಂಬಳ ಕೊಡುತ್ತೀರಾ, ಅವರು ಕಳಿಸಿದ ಸುದ್ದಿಯಲ್ಲಿ ಯಾವುದನ್ನು ಯಾರು ಹೇಳಿದ್ದಕ್ಕೆ ತಡೆದಿರಿ?